ಚೆನ್ನಮ್ಮ: ಒಂದು ಹೆಸರಿನ ಹಿನ್ನೆಲೆ

‘ಊಟ ಚೆನ್ನಾಗಿತ್ತು’, ‘ಮಗು ಚೆನ್ನಾಗಿದೆ’, ‘ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ?’ - ಕನ್ನಡಿಗನಾದವನು ದಿನಕ್ಕೆ ಹತ್ತಾರು ಬಾರಿ ಆಡುವ ಮಾತುಗಳಿವು. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿ ಮನೆಯಲ್ಲಿ ಅರ್ಧ ಅನ್ಯಭಾಷೆ ಬೆರೆಸಿ ಮಾತನಾಡುವವರ ನಾಲಗೆಯಲ್ಲಿಯೂ ‘ಚೆನ್ನ’ ಎಂಬ ಈ ಪದ ಮಾತ್ರ ಅಳಿಯದೆ ಉಳಿದಿದೆ. ಇದೇ ಪದದಿಂದ ಹುಟ್ಟಿದ ಸ್ತ್ರೀನಾಮ ‘ಚೆನ್ನಮ್ಮ’. ಒಂದು ಕಾಲದಲ್ಲಿ ಕರ್ನಾಟಕದ ಯಾವ ಊರಿಗೆ ಹೋದರೂ ಈ ಹೆಸರಿನ ಹೆಂಗಸೊಬ್ಬಳು ಇದ್ದೇ ಇರುತ್ತಿದ್ದಳು. ಈಗ ನಗರಗಳ ತೊಟ್ಟಿಲುಗಳಲ್ಲಿ ಅದು ಕೇಳಿಬರುವುದು ಅಪರೂಪ. ಅದೇ ವೇಳೆಗೆ ವೃತ್ತಕ್ಕೆ, ರೈಲುಗಾಡಿಗೆ, ವಿಶ್ವವಿದ್ಯಾನಿಲಯಕ್ಕೆ ಈ ಹೆಸರನ್ನು ಇಟ್ಟು ಗೌರವಿಸಲಾಗಿದೆ. ಈ ಹೆಸರಿನ ಅರ್ಥವೇನು, ಅದನ್ನು ಹೊತ್ತು ಬಾಳಿದವರು ಯಾರು, ಸಾಹಿತ್ಯದಲ್ಲಿ ಅದಕ್ಕೆ ದೊರೆತ ಸ್ಥಾನವೇನು, ಇಂದಿನ ಕಾಗದಪತ್ರಗಳ ಯುಗದಲ್ಲಿ ಅದು ಎದುರಿಸುವ ತೊಡಕುಗಳೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪದದ ಮೂಲ

‘ಚೆನ್ನು’ ಎಂದರೆ ಸೊಬಗು, ಚೆಲುವು, ಒಳ್ಳೆಯತನ. ತೆಲುಗಿನಲ್ಲಿಯೂ ಈ ಪದಕ್ಕೆ ಸೊಬಗು ಎಂಬ ಅರ್ಥವೇ ಇದೆ. ‘ಚೆನ್ನ’ ಎಂಬುದರೊಡನೆ ತಾಯಿಯನ್ನೂ ಗೌರವವನ್ನೂ ಸೂಚಿಸುವ ‘ಅಮ್ಮ’ ಸೇರಿದಾಗ ‘ಚೆನ್ನಮ್ಮ’ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಅದೇ ‘ಚೆನ್ನವ್ವ’. ರಾಜಮನೆತನದ ಗೌರವ ಬೆರೆತಾಗ ‘ಚೆನ್ನಮ್ಮಾಜಿ’. ಸಲುಗೆಯಲ್ಲಿ ಕರೆದಾಗ ‘ಚೆನ್ನಿ’. ಗಂಡಸರಲ್ಲಿ ಚೆನ್ನಪ್ಪ, ಚೆನ್ನಯ್ಯ, ಚೆನ್ನಬಸಪ್ಪ ಎಂಬ ಹೆಸರುಗಳು ಇದೇ ಬಳ್ಳಿಯ ಕಾಯಿಗಳು.

ಈ ಪದಕ್ಕೆ ಮತಭೇದವಾಗಲಿ ಕುಲಭೇದವಾಗಲಿ ಇಲ್ಲವೆಂಬುದು ಗಮನಾರ್ಹ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ವಿಷ್ಣು ಇಂದು ಚೆನ್ನಕೇಶವನೆಂದು ಪ್ರಸಿದ್ಧನಾಗಿದ್ದಾನೆ. ಶರಣರಲ್ಲಿ ಮಾದಾರ ಚೆನ್ನಯ್ಯನಿದ್ದಾನೆ, ಚೆನ್ನಬಸವಣ್ಣನಿದ್ದಾನೆ. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ. ತುಳುನಾಡಿನ ಪಾಡ್ದನಗಳ ಅವಳಿವೀರರು ಕೋಟಿ ಮತ್ತು ಚೆನ್ನಯರು. ಚೆನ್ನೈಯಲ್ಲಿರುವ ಕನ್ನಡಿಗರಿಗೆ ಇನ್ನೊಂದು ಸಂಗತಿ ಸ್ವಾರಸ್ಯಕರವಾಗಿ ಕಾಣಬಹುದು. 1639ರಲ್ಲಿ ಇಂಗ್ಲಿಷ್ ಕಂಪೆನಿಗೆ ಅಲ್ಲಿ ಸ್ಥಳ ಕೊಟ್ಟ ದಾಮರ್ಲ ಮನೆತನದ ಹಿರಿಯ ಚೆನ್ನಪ್ಪ ನಾಯಕನಿಂದ ‘ಚೆನ್ನಪಟ್ಟಣ’ವೆಂಬ ಹೆಸರು ಬಂದಿತೆಂಬುದು ಬಹುಜನರು ಒಪ್ಪಿರುವ ವಿವರಣೆ. 1996ರಲ್ಲಿ ಮದರಾಸು ಅಧಿಕೃತವಾಗಿ ಚೆನ್ನೈ ಆದಾಗ ಈ ಹಳೆಯ ಪದವೇ ಮತ್ತೆ ಮುಂದೆ ಬಂದಿತು.

ಹೀಗೆ ಚೆನ್ನಮ್ಮ ಎಂಬ ಹೆಸರಿನಲ್ಲಿ ಪುರಾಣವಿಲ್ಲ, ಸಂಸ್ಕೃತದ ಸಮಾಸವಿಲ್ಲ; ‘ಒಳ್ಳೆಯ ತಾಯಿ’, ‘ಚೆಲುವೆಯಾದ ತಾಯಿ’ ಎಂಬ ಶುದ್ಧ ಕನ್ನಡದ ಹಾರೈಕೆ ಮಾತ್ರ ಇದೆ. ಹುಟ್ಟಿದ ಹೆಣ್ಣುಮಗು ಬೆಳೆದು ಒಳ್ಳೆಯವಳಾಗಲಿ ಎಂಬ ಸರಳವಾದ ಆಸೆಯೇ ಆ ಹೆಸರಿನ ತಿರುಳು.

ಚರಿತ್ರೆಯ ಇಬ್ಬರು ಚೆನ್ನಮ್ಮಂದಿರು

ಕನ್ನಡನಾಡಿನ ಚರಿತ್ರೆಯಲ್ಲಿ ಈ ಹೆಸರನ್ನು ಅಮರಗೊಳಿಸಿದವರು ಇಬ್ಬರು: ಹದಿನೇಳನೆಯ ಶತಮಾನದ ಕೆಳದಿಯ ಚೆನ್ನಮ್ಮಾಜಿ ಮತ್ತು ಹತ್ತೊಂಬತ್ತನೆಯ ಶತಮಾನದ ಕಿತ್ತೂರಿನ ರಾಣಿ ಚೆನ್ನಮ್ಮ. ಇಬ್ಬರ ನಡುವೆ ಸುಮಾರು ಒಂದೂವರೆ ಶತಮಾನದ ಅಂತರವಿದೆ. ಒಬ್ಬಳು ಮಲೆನಾಡಿನವಳು, ಇನ್ನೊಬ್ಬಳು ಬೆಳಗಾವಿ ಸೀಮೆಯವಳು. ಆದರೂ ಇಬ್ಬರ ಬಾಳಿನಲ್ಲಿ ಬಂದೊದಗಿದ ಪ್ರಶ್ನೆ ಒಂದೇ. ಗಂಡ ಸತ್ತ ಮೇಲೆ ಈ ಹೆಣ್ಣಿಗೆ ಅಧಿಕಾರವೆಲ್ಲಿಯದು, ಇವಳು ತೋರಿಸುವ ದತ್ತುಪುತ್ರನು ನಿಜವಾದ ಉತ್ತರಾಧಿಕಾರಿಯೇ ಎಂಬುದೇ ಆ ಪ್ರಶ್ನೆ.

ಕೆಳದಿಯ ಚೆನ್ನಮ್ಮಾಜಿ ರಾಜಕುವರಿಯಲ್ಲ. ಸಿದ್ದಪ್ಪಶೆಟ್ಟಿ ಎಂಬ ವರ್ತಕನ ಮಗಳು. ಸೋಮಶೇಖರ ನಾಯಕನನ್ನು ವರಿಸಿ ಬಿದನೂರಿನ ಅರಮನೆಗೆ ಬಂದವಳು. ರಾಜನು ರಾಜಕಾರ್ಯದಿಂದ ವಿಮುಖನಾಗಿ ಕಡೆಗೆ ಹತನಾದಾಗ ಆಡಳಿತದ ಹೊಣೆ ಅವಳ ಮೇಲೆ ಬಿದ್ದಿತು. ಮಕ್ಕಳಿಲ್ಲದ ರಾಣಿಯ ರಾಜ್ಯವನ್ನು ನುಂಗಲು ಹೊರಗಿನವರೂ ಒಳಗಿನವರೂ ಹವಣಿಸಿದರು. ಅವಳು ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು, ಸುಮಾರು 25 ವರ್ಷಗಳ ಕಾಲ ರಾಜ್ಯವನ್ನು ಕಾಪಾಡಿ, ಅದನ್ನು ಅವನಿಗೆ ಒಪ್ಪಿಸಿದಳು. 1697ರಿಂದ 1714ರವರೆಗೆ ಆಳಿದ ಆ ದತ್ತುಪುತ್ರ ಬಸಪ್ಪ ನಾಯಕನೇ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದ ಕರ್ತೃ. ದತ್ತಕವನ್ನು ಶಂಕಿಸಿದವರಿಗೆ ಆ ಗ್ರಂಥಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ ಘಟನೆಯೊಂದು ಇವಳ ಆಳ್ವಿಕೆಯಲ್ಲಿ ನಡೆಯಿತು. 1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದ ಅನಂತರ ಶಿವಾಜಿಯ ಕಿರಿಯ ಮಗ ರಾಜಾರಾಮನು ವೇಷ ಮರೆಸಿಕೊಂಡು ದಕ್ಷಿಣದ ಜಿಂಜಿಯ ಕೋಟೆಯತ್ತ ಹೊರಟನು. ಬೆನ್ನಟ್ಟಿ ಬರುತ್ತಿದ್ದ ಮೊಗಲರ ಭಯದಿಂದ ಆಶ್ರಯ ಕೊಡಲು ಇತರರು ಅಂಜುತ್ತಿದ್ದ ಕಾಲವದು. ಚೆನ್ನಮ್ಮಾಜಿ ಅವನಿಗೆ ತನ್ನ ಸೀಮೆಯಲ್ಲಿ ಆಶ್ರಯವಿತ್ತು, ಕ್ಷೇಮವಾಗಿ ಮುಂದೆ ಸಾಗಿಸಿದಳು. ಕೋಪಗೊಂಡ ಔರಂಗಜೇಬನು ಸೈನ್ಯವನ್ನು ಕಳುಹಿಸಿದನು. ಮಲೆನಾಡಿನ ಕಾಡು, ಕಣಿವೆ, ಮಳೆಗಳ ನೆರವಿನಿಂದ ರಾಣಿಯ ಪಡೆ ಅದನ್ನು ಎದುರಿಸಿತು; ಕೊನೆಗೆ ಸಂಧಿಯಾಯಿತು. ಅಷ್ಟರಲ್ಲಿ ರಾಜಾರಾಮನು ಜಿಂಜಿಯನ್ನು ತಲುಪಿದ್ದನು. ಅಂದು ಆ ದಾರಿ ತೆರೆಯದಿದ್ದರೆ ಮರಾಠರ ಚರಿತ್ರೆಯ ಮುಂದಿನ ಪುಟಗಳು ಹೇಗಿರುತ್ತಿದ್ದುವೆಂಬುದನ್ನು ಯಾರಾದರೂ ಊಹಿಸಬಹುದು.

ಕಿತ್ತೂರಿನ ಚೆನ್ನಮ್ಮ 1778ರಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ಜನಿಸಿದಳು. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಕಿರಿಯ ರಾಣಿಯಾದಳು. 1816ರಲ್ಲಿ ಪತಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮರಣ ಹೊಂದಿದನು. ಅದಕ್ಕೆ ಮುಂಚೆ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಈ ದತ್ತಕವನ್ನು ಮಾನ್ಯ ಮಾಡಲಿಲ್ಲ. ಅದನ್ನು ತಿಳಿಸಿದ ಪತ್ರದ ನಿಜತ್ವವನ್ನೇ ಶಂಕಿಸಿದನು. ಭಂಡಾರಕ್ಕೆ ಕಾವಲು ಹಾಕಿಸಿದನು.

ಚೆನ್ನಮ್ಮ ಮೊದಲು ಕತ್ತಿ ಹಿಡಿಯಲಿಲ್ಲ, ಲೇಖನಿ ಹಿಡಿದಳೆಂಬುದನ್ನು ಅನೇಕರು ಮರೆಯುತ್ತಾರೆ. ದತ್ತಕವನ್ನು ಒಪ್ಪಬೇಕೆಂದು ಕಂಪೆನಿಯ ಮೇಲಧಿಕಾರಿಗಳಿಗೆ ಪತ್ರ ಬರೆಯಿಸಿದಳು. ಅದು ಫಲಿಸದೆ ಹೋದಾಗಲೇ ಯುದ್ಧ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳನ್ನು ರಾಣಿ ಕೊಲ್ಲಲಿಲ್ಲ. ಮುಂದೆ ಬಿಡುಗಡೆ ಮಾಡಿದಳು. ಆದರೆ ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಮತ್ತೆ ಬಂದ ಕಂಪೆನಿ ಕೋಟೆಯನ್ನು ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. ಅವಳ ಬಂಟ ಸಂಗೊಳ್ಳಿ ರಾಯಣ್ಣ ಅದೇ ದತ್ತುಪುತ್ರನ ಪರವಾಗಿ ಹೋರಾಟ ಮುಂದುವರಿಸಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ದತ್ತುಮಕ್ಕಳ ಹಕ್ಕನ್ನು ತಳ್ಳಿಹಾಕಿ ರಾಜ್ಯಗಳನ್ನು ಕಬಳಿಸುವ ನೀತಿಗೆ ಡಾಲ್‌ಹೌಸಿಯ ಹೆಸರು ಅಂಟಿಕೊಂಡದ್ದು 1848ರ ಅನಂತರ. ಝಾನ್ಸಿಯ ರಾಣಿ ಖಡ್ಗ ಹಿಡಿದದ್ದು ಅದಕ್ಕೂ ಈಚೆಗೆ. ಕಿತ್ತೂರಿನ ಚೆನ್ನಮ್ಮ ಈ ಅನ್ಯಾಯವನ್ನು ಒಂದು ತಲೆಮಾರಿನಷ್ಟು ಮೊದಲೇ ಗುರುತಿಸಿದ್ದಳು.

ಸಾಹಿತ್ಯದಲ್ಲಿ, ಬೆಳ್ಳಿತೆರೆಯಲ್ಲಿ

ಕನ್ನಡ ಸಾಹಿತ್ಯದಲ್ಲಿ ‘ಚೆನ್ನ’ ಪದಕ್ಕೆ ಅತ್ಯುನ್ನತ ಸ್ಥಾನ ಕೊಟ್ಟವಳು ಅಕ್ಕಮಹಾದೇವಿ. ಅವಳ ವಚನಗಳ ಅಂಕಿತ ‘ಚೆನ್ನಮಲ್ಲಿಕಾರ್ಜುನ’. ಮಲ್ಲಿಕಾರ್ಜುನನೆಂಬ ದೇವರ ಹೆಸರಿಗೆ ಮುಂದೆ ಈ ಒಂದು ಪದ ಸೇರಿದುದರಿಂದ ದೈವವು ದೂರದ ಶಿವನಾಗಿ ಉಳಿಯದೆ ಚೆಲುವನಾದ ಇನಿಯನಾದನು. ಕನ್ನಡದ ಹೆಣ್ಣಿನ ದನಿಯಲ್ಲಿ ಎಂಟುನೂರು ವರ್ಷಗಳಿಂದ ಈ ಪದ ಅನುರಣಿಸುತ್ತಿದೆಯೆಂದರೆ ತಪ್ಪಾಗಲಾರದು.

ಕಿತ್ತೂರಿನ ಕಥೆಯನ್ನು ಪುಸ್ತಕಗಳಿಗೆ ಮೊದಲು ಉಳಿಸಿಕೊಂಡವರು ಬೆಳಗಾವಿ, ಧಾರವಾಡ ಸೀಮೆಯ ಲಾವಣಿಕಾರರು. ಅನಂತರ ನಾಟಕಗಳು ಬಂದುವು. 1961ರಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯಾಗಿ, ರಾಜಕುಮಾರ್ ಅವರು ಮಲ್ಲಸರ್ಜನಾಗಿ ಅಭಿನಯಿಸಿದರು. ಇಂದಿಗೂ ಹಳೆಯ ತಲೆಮಾರಿನವರು ರಾಣಿಯನ್ನು ನೆನೆದಾಗ ಅವರ ಕಣ್ಣ ಮುಂದೆ ನಿಲ್ಲುವುದು ಸರೋಜಾದೇವಿಯವರ ಮುಖವೇ. ಮಾಸ್ತಿಯವರು ಬಿದನೂರಿನ ಕೊನೆಯ ದಿನಗಳನ್ನು ಕುರಿತು ಬರೆದ ಕಾದಂಬರಿಗೆ ‘ಚನ್ನಬಸವ ನಾಯಕ’ ಎಂದು ಹೆಸರು. ಈಚೆಗೆ, 2021ರಲ್ಲಿ, ಗಜಾನನ ಶರ್ಮ ಅವರು ಗೇರುಸೊಪ್ಪೆಯ ಕಾಳುಮೆಣಸಿನ ರಾಣಿಯನ್ನು ಕುರಿತು ‘ಚೆನ್ನಭೈರಾದೇವಿ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು.

ಇಲ್ಲಿ ಒಂದು ಭೇದವನ್ನು ಹೇಳಲೇಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಒಲ್ಲದ ಮದುವೆಯನ್ನು ಒಪ್ಪದೆ, ತಾನು ಮೆಚ್ಚಿದ ಮುಕುಂದಯ್ಯನನ್ನೇ ಸೇರುವ ಹುಡುಗಿ ಚೆನ್ನಮ್ಮನಲ್ಲ, ಚಿನ್ನಮ್ಮ. ಅವಳ ಹೆಸರಿನಲ್ಲಿರುವುದು ಚೆನ್ನವಲ್ಲ, ಚಿನ್ನ. ಒಂದು ಸ್ವರದ ವ್ಯತ್ಯಾಸ ಮಾತ್ರ. ಆದರೆ ಹೆಸರು ಬೇರೆ, ವ್ಯಕ್ತಿ ಬೇರೆ. ತಮಿಳು, ತೆಲುಗುಗಳಲ್ಲಂತೂ ‘ಚಿನ್ನಮ್ಮ’ ಎಂದರೆ ಚಿಕ್ಕಮ್ಮ. ಈ ಒಂದು ಸ್ವರ ನಗರಜೀವನದಲ್ಲಿ ಎಷ್ಟು ತೊಂದರೆಯನ್ನು ತಂದೊಡ್ಡಬಲ್ಲುದೆಂಬುದು ಮುಂದೆ ಸ್ಪಷ್ಟವಾಗುವುದು.

ಮನೆಯೊಳಗಿನ ಚೆನ್ನಮ್ಮ

ರಾಣಿಯರಿಂದ ಈ ಹೆಸರು ಜನರಿಗೆ ಬಂದಿತೆಂದು ಭಾವಿಸುವುದು ಸರಿಯಲ್ಲ. ವರ್ತಕನ ಮಗಳಿಗೂ ದೇಸಾಯಿಯ ಮಗಳಿಗೂ ಈ ಹೆಸರು ಇಟ್ಟಿದ್ದರೆಂದರೆ ಅದು ಆಗಲೇ ಮನೆಮನೆಯ ಹೆಸರಾಗಿತ್ತೆಂದು ತಿಳಿಯಬೇಕು. ಹೊಲದಲ್ಲಿ ಕಳೆ ಕೀಳುವವಳು, ಸಂತೆಯಲ್ಲಿ ಬೆಣ್ಣೆ ಮಾರುವವಳು, ಬಾಣಂತಿಗೆ ನೀರೆರೆಯುವವಳು, ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುವವಳು - ಇವರೆಲ್ಲರೂ ಚೆನ್ನಮ್ಮಂದಿರೇ, ಚೆನ್ನವ್ವಂದಿರೇ.

ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ತೀರಿಹೋದ ಹಿರಿಯರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವ ರೂಢಿಯುಂಟು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ಅಜ್ಜಿಯ ಹೆಸರು ಮೊಮ್ಮಗಳಿಗೆ ಬಂದಾಗ ಅಜ್ಜಿಯೇ ಮರಳಿ ಬಂದಳೆಂಬ ಸಮಾಧಾನ ಮನೆಗೆ. ಆದರೆ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಮರ್ಯಾದೆ ಸೊಸೆಗೆ. ಹೀಗಾಗಿ ಮಗುವಿಗೆ ಇಟ್ಟ ಹೆಸರು ಒಂದಾದರೆ, ಕರೆಯುವ ಹೆಸರು ಇನ್ನೊಂದು. ‘ಅವ್ವಕ್ಕ’, ‘ತಾಯವ್ವ’ ಎಂದು ಕರೆಸಿಕೊಳ್ಳುತ್ತ ಬೆಳೆದ ಹುಡುಗಿಗೆ ತನ್ನ ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಕೇಳಿಬರುತ್ತಿತ್ತು. ಶಾಲೆಗೇ ಹೋಗದವಳಿಗೆ ಅದೂ ಇಲ್ಲ. ಮದುವೆಯಾದ ಮೇಲೆ ಇಂಥವನ ಹೆಂಡತಿ, ಮಕ್ಕಳಾದ ಮೇಲೆ ಇಂಥವರ ತಾಯಿ. ಹೀಗೆ ಒಂದು ಇಡೀ ಬಾಳು ಕಳೆದರೂ ತನ್ನ ಹೆಸರನ್ನು ತಾನೇ ಬರೆಯುವ ಸಂದರ್ಭ ಎಷ್ಟೋ ಚೆನ್ನಮ್ಮಂದಿರಿಗೆ ಒದಗಲಿಲ್ಲ.

ಕಾಗದಪತ್ರಗಳಲ್ಲಿ ಚೆನ್ನಮ್ಮ

ಅಂಥ ತಾಯಿಯೊಬ್ಬಳು ಪತಿಯನ್ನು ಕಳೆದುಕೊಂಡು, ಮಗನೊಡನೆ ಇರಲು ಮಹಾನಗರಕ್ಕೆ ಬರುತ್ತಾಳೆಂದು ಊಹಿಸಿಕೊಳ್ಳಬಹುದು. ಊರಿನ ಪಹಣಿಯಲ್ಲಿ ಅವಳ ಹೆಸರು ‘ಚನ್ನವ್ವ’. ಪಡಿತರ ಚೀಟಿಯಲ್ಲಿ ‘ಚೆನ್ನಮ್ಮ’. ಆಧಾರ್ ಕಾರ್ಡಿನ ಇಂಗ್ಲಿಷ್ ಅಕ್ಷರಗಳಲ್ಲಿ ‘ಇ’ ಬರಬೇಕಾದಲ್ಲಿ ‘ಐ’ ಬಿದ್ದು ‘ಚಿನ್ನಮ್ಮ’. ಮಗನು ಹೊಸ ಊರಿನಲ್ಲಿ ತೆರೆಸಿದ ಬ್ಯಾಂಕಿನ ಖಾತೆಯಲ್ಲಿ ‘ಎ’ ಸೇರಿ ‘ಚನ್ನಮ್ಮ’. ಹಿಂದಿ, ಮರಾಠಿಗಳ ಲಿಪಿಯಲ್ಲಿ ಹ್ರಸ್ವ ‘ಎ’ಕಾರಕ್ಕೆ ಬೇರೆ ಗುರುತಿಲ್ಲದ ಕಾರಣ ಅಲ್ಲಿಯ ಗುಮಾಸ್ತನು ಇನ್ನೊಂದು ರೀತಿ ಓದುತ್ತಾನೆ. ಕುಲನಾಮ ಕೇಳುವ ಅಂಕಣದಲ್ಲಿ ದಕ್ಷಿಣ ಕರ್ನಾಟಕದವರಿಗೆ ತುಂಬಲು ಏನೂ ಇರುವುದಿಲ್ಲ. ಗಂಡನ ಹೆಸರನ್ನೋ ಊರಿನ ಹೆಸರನ್ನೋ ಬರೆದು ಮುಗಿಸುತ್ತಾರೆ. ಒಬ್ಬಳೇ ತಾಯಿ ಕಾಗದದ ಮೇಲೆ ನಾಲ್ವರಾಗುತ್ತಾಳೆ.

ದಿನಗಳು ಸುಗಮವಾಗಿ ಸಾಗುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಕುಟುಂಬ ಪಿಂಚಣಿಯ ಅರ್ಜಿ, ಪತಿಯ ಠೇವಣಿಯ ಹಣ, ಜಮೀನಿನ ಪಾಲು, ಆರೋಗ್ಯವಿಮೆಯ ಬೇಡಿಕೆ ಇವುಗಳಲ್ಲಿ ಯಾವುದಾದರೊಂದು ಎದುರಾದಾಗ ಮಾತ್ರ ಗುಮಾಸ್ತನು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು, ‘ಇವರಿಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಏನು?’ ಎಂದು ಕೇಳುತ್ತಾನೆ. ಥ್ಯಾಕರೆ ಕಿತ್ತೂರಿನ ಪತ್ರವನ್ನು ಕೈಯಲ್ಲಿ ಹಿಡಿದು ಎತ್ತಿದ ಶಂಕೆಗೂ ಇದಕ್ಕೂ ಉದ್ದೇಶದಲ್ಲಿ ಅಜಗಜಾಂತರವಿದೆ. ಗುಮಾಸ್ತನು ತನ್ನ ಕರ್ತವ್ಯವನ್ನಷ್ಟೇ ಮಾಡುತ್ತಿರುತ್ತಾನೆ. ಆದರೆ ಎದುರಿಗೆ ನಿಂತ ವಿಧವೆಗೆ ಆಗುವ ಸಂಕಟ ಅದೇ ಜಾತಿಯದು. ತಾನು ತಾನೇ ಎಂದು ಅವಳು ಮತ್ತೊಬ್ಬರಿಗೆ ರುಜುವಾತು ಮಾಡಿಕೊಡಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಇದು ಹಣದ ಪ್ರಶ್ನೆಯಾಗಿಯಷ್ಟೇ ಉಳಿಯುವುದಿಲ್ಲ. ಒಂದೇ ವಾರ್ಡಿನಲ್ಲಿ ಚೆನ್ನಮ್ಮ, ಚಿನ್ನಮ್ಮ ಇಬ್ಬರೂ ಇರುವುದು ಅಸಂಭವವೇನಲ್ಲ. ಒಬ್ಬರ ರಕ್ತಪರೀಕ್ಷೆಯ ವರದಿ ಇನ್ನೊಬ್ಬರ ಕಡತ ಸೇರಿದರೆ ಆಗುವ ಅನಾಹುತ ಹೇಳತೀರದು. ಆದ್ದರಿಂದಲೇ ಹೆಸರೊಂದನ್ನೇ ನಂಬದೆ, ಜನ್ಮದಿನಾಂಕ ಅಥವಾ ದಾಖಲೆ ಸಂಖ್ಯೆಯನ್ನೂ ಹೋಲಿಸಿ ನೋಡಿದ ಮೇಲೆಯೇ ಔಷಧ, ರಕ್ತಗಳನ್ನು ಕೊಡಬೇಕೆಂಬ ನಿಯಮವನ್ನು ಆಸ್ಪತ್ರೆಗಳು ಪಾಲಿಸುತ್ತವೆ. ಭಾಷೆ ಬಾರದ ಊರಿನಲ್ಲಿ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದಾಗ ಮನೆಯವರು ಕೈಪಟ್ಟಿಯ ಮೇಲಿನ ಹೆಸರನ್ನೂ ವಯಸ್ಸನ್ನೂ ಒಮ್ಮೆ ಓದಿ ನೋಡುವುದು ಅವಶ್ಯ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಮೊದಲೇ ಮಾಡಬೇಕು ಅಷ್ಟೆ. ಮನೆಯ ಹಿರಿಯರ ಎಲ್ಲ ಕಾಗದಗಳನ್ನೂ ಒಂದು ದಿನ ಹರಡಿಕೊಂಡು ಹೆಸರಿನ ಅಕ್ಷರಗಳನ್ನು ಹೋಲಿಸಬೇಕು. ಒಂದು ರೂಪವನ್ನು ನಿಶ್ಚಯಿಸಿ ಉಳಿದವನ್ನು ಅದಕ್ಕೆ ಹೊಂದಿಸಬೇಕು. ಆಧಾರ್‌ನಲ್ಲಿ ಹೆಸರನ್ನು ತಿದ್ದಲು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಅವಕಾಶವಿರುವುದರಿಂದ ಅಲ್ಲಿ ಅವಸರ ಸಲ್ಲದು. ತಿದ್ದಲಾಗದ ಹಳೆಯ ದಾಖಲೆಗಳಿದ್ದರೆ ‘ಚೆನ್ನಮ್ಮ ಉರುಫ್ ಚನ್ನವ್ವ’ ಎಂಬ ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿಡಬೇಕು. ಬ್ಯಾಂಕಿನ ಖಾತೆ, ಠೇವಣಿಗಳಿಗೆ ನಾಮನಿರ್ದೇಶನ ಇರಲೇಬೇಕು. 2025ರ ನವೆಂಬರಿನಿಂದ ನಾಲ್ವರವರೆಗೆ ನಾಮನಿರ್ದೇಶನ ಮಾಡುವ ಸೌಕರ್ಯವಿದೆ. ನಾಮನಿರ್ದೇಶಿತನು ಹಣವನ್ನು ಪಡೆಯುವವನೇ ಹೊರತು ಅಷ್ಟರಿಂದಲೇ ವಾರಸುದಾರನಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು. 70 ವರ್ಷ ತುಂಬಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ಚಿಕಿತ್ಸೆಯನ್ನು 2024ರ ಅಕ್ಟೋಬರಿನಲ್ಲಿ ವಿಸ್ತರಿಸಲಾಯಿತು. ಅದಕ್ಕೂ ಆಧಾರ್‌ನಲ್ಲಿರುವ ಹೆಸರು, ವಯಸ್ಸುಗಳೇ ಆಧಾರ.

ಶಿಲೆಯಲ್ಲಿ ಮತ್ತು ತೊಟ್ಟಿಲಲ್ಲಿ

ಸ್ವತಂತ್ರ ಭಾರತವು ಈ ಹೆಸರನ್ನು ಮರೆತಿಲ್ಲ. 1977ರಲ್ಲಿ ಕಿತ್ತೂರು ಚೆನ್ನಮ್ಮನ ಅಂಚೆಚೀಟಿ ಹೊರಬಂದಿತು. 2007ರ ಸೆಪ್ಟೆಂಬರ್ 11ರಂದು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ದೆಹಲಿಯ ಸಂಸತ್ ಭವನದ ಆವರಣದಲ್ಲಿ ಅವಳ ಪ್ರತಿಮೆಯನ್ನು ಅನಾವರಣಗೊಳಿಸಿದರು. 2010ರಲ್ಲಿ ಬೆಳಗಾವಿಯಲ್ಲಿ ಅವಳ ಹೆಸರಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹುಬ್ಬಳ್ಳಿಯ ಹೃದಯಭಾಗದ ವೃತ್ತ ಅವಳದು. ಬೆಂಗಳೂರಿಗೂ ಮಹಾರಾಷ್ಟ್ರಕ್ಕೂ ನಡುವೆ ಓಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಪ್ರಯಾಣ ಮಾಡದ ಬೆಳಗಾವಿ, ಧಾರವಾಡ ಕಡೆಯವರು ವಿರಳ.

ಇಷ್ಟೆಲ್ಲ ಗೌರವ ಸಂದ ಹೆಸರನ್ನು ಮಗಳಿಗೆ ಇಡಲು ಮಾತ್ರ ಇಂದಿನ ತಂದೆತಾಯಿಗಳು ಹಿಂಜರಿಯುತ್ತಾರೆ. ಹಳೆಯ ಕಾಲದ ಹೆಸರು, ಶಾಲೆಯಲ್ಲಿ ಬೇರೆ ಭಾಷೆಯ ಮಕ್ಕಳು ನಕ್ಕಾರು ಎಂಬ ಅಳುಕು. ಅವರನ್ನು ದೂರಬೇಕಾಗಿಲ್ಲ, ಪ್ರತಿ ಕಾಲಕ್ಕೂ ಅದರದೇ ಆದ ಹೆಸರುಗಳುಂಟು. ಆದರೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡದಿದ್ದರೂ ಅಜ್ಜಿಯ ಪೂರ್ಣ ಹೆಸರೇನೆಂಬುದು ಮೊಮ್ಮಗಳಿಗೆ ತಿಳಿದಿರಬೇಕು. ಅದರ ಅರ್ಥವನ್ನು ಅವಳಿಗೆ ಹೇಳಿಕೊಡಬೇಕು. ಸಾಧ್ಯವಾದರೆ, ಒಂದು ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತು, ಅವಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಮೊಮ್ಮಗಳ ಕೈಯಿಂದಲೇ ಬರೆಯಿಸಬೇಕು.

ಸಂಸತ್ತಿನ ಅಂಗಳದಲ್ಲಿ ನಿಂತ ಚೆನ್ನಮ್ಮನಿಗೆ ಹಾರ ಹಾಕಲು ಸರ್ಕಾರವಿದೆ. ಮನೆಯ ಮೂಲೆಯಲ್ಲಿ ಕುಳಿತ ಚೆನ್ನಮ್ಮನ ಹೆಸರನ್ನು ಸರಿಯಾಗಿ ಬರೆದು, ಅವಳ ಹಕ್ಕನ್ನು ಅವಳಿಗೆ ಮುಟ್ಟಿಸುವ ಹೊಣೆ ಮನೆಯವರದು.